ಸ್ಕ್ಯಾಜಿಟ್ ಹೊಳೆಯ ಸೇತುವೆಯೂ ಒಂದು ಎತ್ತರದ ಹೊರೆಯೂ

ಏಪ್ರಿಲ್ ತಿಂಗಳು ಬಂತೆಂದರೆ ಸ್ಕ್ಯಾಜಿಟ್ ಕಣಿವೆಗೆ ಜನ ತಂಡೋಪತಂಡವಾಗಿ ಬರುತ್ತಾರೆ. ಕಣ್ಣು ಹಾಯಿಸಿದಷ್ಟು ದೂರ ಟ್ಯುಲಿಪ್ ಹೂವಿನ ಹೊಲಗಳು. ಕೆಂಪು ಒಂದು ಪಟ್ಟೆ, ಹಳದಿ ಒಂದು ಪಟ್ಟೆ, ಅದರಾಚೆ ನೇರಳೆ. ಮೋಡ ಸರಿದ ದಿನ ಈಶಾನ್ಯಕ್ಕೆ ಬೇಕರ್ ಪರ್ವತದ ಹಿಮದ ನೆತ್ತಿ ಬೆಳ್ಳಗೆ ಹೊಳೆಯುತ್ತದೆ. ಇದು ಅಮೆರಿಕದ ವಾಯವ್ಯ ಮೂಲೆಯ ವಾಷಿಂಗ್ಟನ್ ರಾಜ್ಯ. ರಾಜಧಾನಿ ವಾಷಿಂಗ್ಟನ್ ನಗರಕ್ಕೂ ಇದಕ್ಕೂ ಇಡೀ ಒಂದು ಖಂಡದ ಅಂತರ. ಸಿಯಾಟಲ್ ನಗರದಿಂದ ಉತ್ತರಕ್ಕೆ ಸುಮಾರು ನೂರು ಕಿಲೋಮೀಟರ್ ಹೋದರೆ ಈ ಕಣಿವೆ ಸಿಗುತ್ತದೆ.

ಕಣಿವೆಗೆ ಹೆಸರು ಕೊಟ್ಟದ್ದು ಸ್ಕ್ಯಾಜಿಟ್ ನದಿ. ಕೆನಡಾದ ಬೆಟ್ಟಗಳಲ್ಲಿ ಹುಟ್ಟಿ, ಗಡಿ ದಾಟಿ, ಕ್ಯಾಸ್ಕೇಡ್ ಪರ್ವತಗಳ ನಡುವೆ ಹರಿದು ಪ್ಯುಜೆಟ್ ಸೌಂಡ್ ಎಂಬ ಕಡಲ ತೋಳನ್ನು ಸೇರುತ್ತದೆ. ಆ ಕಡಲ ತೋಳಿಗೆ ನೀರು ತರುವ ನದಿಗಳಲ್ಲೆಲ್ಲ ಇದೇ ದೊಡ್ಡದು. ಸಾಲ್ಮನ್ ಮೀನು ಮೊಟ್ಟೆಯಿಡಲು ಸಮುದ್ರದಿಂದ ಈ ನದಿಯಲ್ಲಿ ಮೇಲಕ್ಕೆ ಈಜಿ ಬರುತ್ತದೆ. ಆ ಮೀನಿನ ಆಸೆಗೆ ಚಳಿಗಾಲದಲ್ಲಿ ಬಿಳಿ ತಲೆಯ ಹದ್ದುಗಳು ದಂಡೆಯ ಮರಗಳ ಮೇಲೆ ಬಂದು ಕೂರುತ್ತವೆ.

ನದಿಯ ದಕ್ಷಿಣ ದಂಡೆಯಲ್ಲಿ ಮೌಂಟ್ ವರ್ನನ್, ಉತ್ತರ ದಂಡೆಯಲ್ಲಿ ಬರ್ಲಿಂಗ್ಟನ್. ಎರಡೂ ಸಣ್ಣ ಊರುಗಳು. ಆದರೆ ಇವನ್ನು ಕೂಡಿಸುವ ರಸ್ತೆ ಸಣ್ಣದಲ್ಲ. ಮೆಕ್ಸಿಕೊದ ಗಡಿಯಿಂದ ಕೆನಡಾದ ಗಡಿಯವರೆಗೆ ಎರಡು ಸಾವಿರದ ಇನ್ನೂರು ಕಿಲೋಮೀಟರಿಗೂ ಹೆಚ್ಚು ಉದ್ದ ಓಡುವ 'ಇಂಟರ್‌ಸ್ಟೇಟ್ 5' ಹೆದ್ದಾರಿ ನದಿಯನ್ನು ದಾಟುವುದು ಇಲ್ಲೇ. ದಿನವೊಂದಕ್ಕೆ ಸುಮಾರು 71,000 ವಾಹನಗಳು ಇಲ್ಲಿ ಹಾಯುತ್ತಿದ್ದವು. ಹಾಯುವವರಲ್ಲಿ ಹೆಚ್ಚಿನವರಿಗೆ ಕೆಳಗೊಂದು ನದಿಯಿದೆ ಎಂಬ ಪರಿವೆಯೇ ಇರಲಿಲ್ಲ. 2013ರ ಮೇ 23ರ ಸಂಜೆಯವರೆಗೆ!

ಸಂಜೆ ಏಳರ ಹೊತ್ತು

ಅಂದು ಗುರುವಾರ. ಮುಂದೆ ಸಾಲು ರಜೆ. ಯುದ್ಧದಲ್ಲಿ ಮಡಿದ ಸೈನಿಕರನ್ನು ನೆನೆಯುವ 'ಮೆಮೋರಿಯಲ್ ಡೇ' ಸೋಮವಾರಕ್ಕಿತ್ತು. ಮೇ ತಿಂಗಳಲ್ಲಿ ಅಲ್ಲಿ ಸಂಜೆ ಏಳೆಂದರೆ ಇನ್ನೂ ಹಗಲಿನ ಬೆಳಕು. ರಜೆಗೆಂದು ಬೇಗ ಹೊರಟವರ ಗಾಡಿಗಳೂ ರಸ್ತೆಯಲ್ಲಿದ್ದವು.

ಅವುಗಳ ನಡುವೆ ಕೆನಡಾದ ಆಲ್ಬರ್ಟಾ ಪ್ರಾಂತ್ಯದಿಂದ ಹೊರಟ ಒಂದು ದೊಡ್ಡ ಲಾರಿ ದಕ್ಷಿಣಕ್ಕೆ ಬರುತ್ತಿತ್ತು. ಅದರ ಬೆನ್ನ ಮೇಲಿದ್ದುದು ತೈಲಬಾವಿ ಕೊರೆಯುವ ಯಂತ್ರಗಳಿಗೆಂದು ಮಾಡಿದ ಲೋಹದ ಕೊಠಡಿ, ಒಂದು ಸಣ್ಣ ಮನೆಯನ್ನೇ ಎತ್ತಿಟ್ಟ ಹಾಗೆ. ಹೋಗಬೇಕಿದ್ದದ್ದು ವಾಷಿಂಗ್ಟನ್ ರಾಜ್ಯದ ದಕ್ಷಿಣ ತುದಿಯ ವ್ಯಾಂಕೂವರ್ ಎಂಬ ಊರಿಗೆ. (ಕೆನಡಾದ ಪ್ರಸಿದ್ಧ ವ್ಯಾಂಕೂವರ್ ಬೇರೆ, ಇದು ಬೇರೆ.) ಲಾರಿಗೆ ಪರವಾನಗಿ ಇತ್ತು. ಮುಂದೆ ದಾರಿ ತೋರುವ ಗಾಡಿಯೂ ಇತ್ತು.

ಲಾರಿ ಉತ್ತರದ ತುದಿಯಿಂದ ಸೇತುವೆಯನ್ನು ಹೊಕ್ಕಿತು. ಹೊರೆಯ ಮೇಲಿನ ಬಲಮೂಲೆ ತಲೆಯ ಮೇಲಿನ ಕಬ್ಬಿಣದ ಅಡ್ಡ ಚೌಕಟ್ಟಿಗೆ ಬಡಿಯಿತು. ನಿಲ್ಲಿಸಲು ಸಮಯವೆಲ್ಲಿ? ಮುಂದಿನದಕ್ಕೆ ಬಡಿಯಿತು, ಅದರ ಮುಂದಿನದಕ್ಕೂ ಬಡಿಯಿತು. ಹಾಗೆಯೇ ಬಡಿಯುತ್ತ ಲಾರಿ ಆಚೆ ದಡ ಸೇರಿ ನಿಂತಿತು. ಹಿಂತಿರುಗಿ ನೋಡಿದರೆ, ದಾಟಿ ಬಂದ ಸೇತುವೆಯ ಮೊದಲ ಅಂಕಣವೇ ಇಲ್ಲ! 160 ಅಡಿ ಉದ್ದದ ರಸ್ತೆ ಕಬ್ಬಿಣದ ಸಮೇತ ಹೊಳೆಯ ಪಾಲಾಗಿತ್ತು.

ಅದರೊಂದಿಗೆ ಒಂದು ಕಾರು, ಮತ್ತು ಹಿಂದೆ ಪ್ರವಾಸದ ಬಂಡಿ ಕಟ್ಟಿಕೊಂಡಿದ್ದ ಒಂದು ಪಿಕಪ್ ಗಾಡಿ ನೀರಿಗೆ ಬಿದ್ದವು. ಒಟ್ಟು ಮೂವರು. ಹಿಮ ಕರಗಿ ಹರಿಯುವ ಕೊರೆಯುವಂಥ ನೀರು. ಆದರೆ ಬಿದ್ದ ರಸ್ತೆಯ ಭಾಗ ನೀರಿನಲ್ಲಿ ಪೂರ್ತಿ ಮುಳುಗಿರಲಿಲ್ಲ. ವಾಹನಗಳು ಅದರ ಮೇಲೆಯೇ ಅರ್ಧ ಮುಳುಗಿ ಕುಳಿತವು. ದೋಣಿಯವರು ಬಂದು ಮೂವರನ್ನೂ ಜೀವಂತ ದಡ ಸೇರಿಸಿದರು. ಸಣ್ಣಪುಟ್ಟ ಗಾಯಗಳಷ್ಟೇ. ಆ ಸಂಜೆ ಸೇತುವೆ ಯಾರ ಪ್ರಾಣವನ್ನೂ ತೆಗೆಯಲಿಲ್ಲ.

ನಡುವೆ ಎತ್ತರ, ಅಂಚಿಗೆ ತಗ್ಗು

1955ರಲ್ಲಿ ಕಟ್ಟಿದ ಸೇತುವೆ ಅದು. ಎರಡು ಬದಿಗೂ ಕಬ್ಬಿಣದ ತೊಲೆಗಳನ್ನು ತ್ರಿಕೋನ ತ್ರಿಕೋನವಾಗಿ ಹೆಣೆದ ಗೋಡೆಗಳಂಥ ಚೌಕಟ್ಟು, ನಡುವೆ ರಸ್ತೆ. ಎರಡೂ ಗೋಡೆಗಳ ನೆತ್ತಿಯನ್ನು ಅಲ್ಲಲ್ಲಿ ಅಡ್ಡ ಚೌಕಟ್ಟುಗಳು ಹಿಡಿದಿದ್ದವು. ಹಳೆಯ ರೈಲು ಸೇತುವೆಯೊಳಗೆ ಹಾದುಹೋದವರಿಗೆ ಈ ನೋಟ ಹೊಸದಲ್ಲ.

ಈ ಅಡ್ಡ ಚೌಕಟ್ಟುಗಳ ಕೆಳಅಂಚು ಕಮಾನಿನಂತೆ ಬಾಗಿತ್ತು. ರಸ್ತೆಯ ನಡುವೆ ಸುಮಾರು 18 ಅಡಿ ಎತ್ತರ, ಎರಡೂ ಅಂಚಿಗೆ ಬರುತ್ತ ಬರುತ್ತ 15 ಅಡಿಗಿಂತಲೂ ಕಡಿಮೆ. ಲಾರಿಯ ಮೇಲಿನ ಹೊರೆಯ ಎತ್ತರ 15 ಅಡಿ 11 ಅಂಗುಲ. ಅಂದರೆ ಒಳಗಿನ ಸಾಲಿನಲ್ಲಿ, ರಸ್ತೆಯ ನಡುವಿಗೆ ಹತ್ತಿರವಾಗಿ ಬಂದಿದ್ದರೆ ಅದೇ ಲಾರಿ ಅದೇ ಹೊರೆಯೊಂದಿಗೆ ಸದ್ದಿಲ್ಲದೆ ದಾಟಿ ಹೋಗುತ್ತಿತ್ತು. ಆದರೆ ಅಮೆರಿಕದಲ್ಲಿ ವಾಹನಗಳು ರಸ್ತೆಯ ಬಲಕ್ಕೆ ಚಲಿಸುತ್ತವೆ. ನಿಧಾನದ ಗಾಡಿಗಳಿಗೆ ಹೊರಗಿನ, ಬಲಗಡೆಯ ಸಾಲು. ಭಾರದ ಲಾರಿ ಆ ಸಾಲಿನಲ್ಲಿತ್ತು. ಅದೇ ಗಳಿಗೆಯಲ್ಲಿ ಎಡಗಡೆಯಿಂದ ಇನ್ನೊಂದು ಲಾರಿ ಅದನ್ನು ಹಿಂದೆ ಹಾಕುತ್ತಿತ್ತು. ಪಕ್ಕಕ್ಕೆ ಸರಿಯಲು ಜಾಗವಿರಲಿಲ್ಲ.

ಅಡಿಪಟ್ಟಿಯ ಪಾಠ

ತಲೆಯ ಮೇಲಿನ ಅಡ್ಡಪಟ್ಟಿಗೆ ಪೆಟ್ಟು ಬಿದ್ದರೆ ಕಾಲ ಕೆಳಗಿನ ರಸ್ತೆ ಏಕೆ ಕುಸಿಯಬೇಕು? ವಿದ್ಯಾರ್ಥಿಗಳು ಮನೆಯಲ್ಲೇ ಇದನ್ನು ಪರೀಕ್ಷಿಸಿ ನೋಡಬಹುದು. ಒಂದು ತೆಳು ಪ್ಲಾಸ್ಟಿಕ್ ಅಡಿಪಟ್ಟಿಯನ್ನು ತೆಗೆದುಕೊಂಡು ಎರಡು ತುದಿಗಳನ್ನೂ ಹಿಡಿದು ಎಳೆಯಿರಿ. ಎಷ್ಟು ಎಳೆದರೂ ಅದು ಜಗ್ಗುವುದಿಲ್ಲ. ಈಗ ಅದೇ ತುದಿಗಳನ್ನು ಒಳಕ್ಕೆ ಒತ್ತಿ. ತಟ್ಟನೆ ನಡುವೆ ಬಿಲ್ಲಿನಂತೆ ಬಾಗಿಬಿಡುತ್ತದೆ. ಇನ್ನೊಬ್ಬರು ನಡುವೆ ಬೆರಳಿಟ್ಟು ಎರಡೂ ಕಡೆಯಿಂದ ಆನಿಸಿ ಹಿಡಿದರೆ ಅದೇ ಪಟ್ಟಿ ಇನ್ನಷ್ಟು ಒತ್ತಡ ತಡೆಯುತ್ತದೆ.

ಸೇತುವೆಯ ಚೌಕಟ್ಟಿನಲ್ಲಿ ಕೆಳಗಿನ ತೊಲೆ ಸದಾ ಎಳೆತದಲ್ಲಿರುತ್ತದೆ, ಮೇಲಿನ ತೊಲೆ ಸದಾ ಒತ್ತಡದಲ್ಲಿರುತ್ತದೆ. ಮೇಲಿನ ತೊಲೆ ಬಾಗದಂತೆ ಆನಿಸಿ ಹಿಡಿದ ಬೆರಳುಗಳೇ ಆ ಅಡ್ಡ ಚೌಕಟ್ಟುಗಳು. ಲಾರಿಯ ಹೊರೆ ಅವುಗಳನ್ನು ಒಂದೊಂದಾಗಿ ಜಗ್ಗಿದಾಗ ಅವು ಮೇಲಿನ ತೊಲೆಯನ್ನೂ ತಮ್ಮೊಂದಿಗೆ ಎಳೆದವು. ತೊಲೆ ಬಾಗಿತು. ಒಮ್ಮೆ ಬಾಗಿದ ತೊಲೆ ಒತ್ತಡ ಹೊರಲಾರದು. ಈ ಬಗೆಯ ಹಳೆಯ ಸೇತುವೆಗಳಲ್ಲಿ ಒಂದು ಮುಖ್ಯ ಅಂಗ ಸೋತರೆ ಅದರ ಭಾರ ಹಂಚಿಕೊಳ್ಳಲು ಮತ್ತೊಂದು ಇರುವುದಿಲ್ಲ. ಹಾಗಾಗಿ ಇಡೀ ಅಂಕಣವೇ ಕುಸಿಯಿತು. ಉಳಿದ ಅಂಕಣಗಳು ತಮ್ಮ ತಮ್ಮ ಕಂಬಗಳ ಮೇಲೆ ಬೇರೆ ಬೇರೆಯಾಗಿ ಕುಳಿತಿದ್ದರಿಂದ ಬಚಾವಾದವು.

ಸೇತುವೆ ತುಕ್ಕು ಹಿಡಿದು ಬೀಳಲಿಲ್ಲ, ವಯಸ್ಸಾಗಿ ಬೀಳಲಿಲ್ಲ ಎಂಬುದನ್ನು ಗಮನಿಸಬೇಕು. 58 ವರ್ಷ ಅದು ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು.

ಎಲ್ಲರ ಬಳಿಯೂ ಅಳತೆ ಇತ್ತು

ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ವರ್ಷಕ್ಕೂ ಮೀರಿ ತನಿಖೆ ನಡೆಸಿ 2014ರಲ್ಲಿ ತನ್ನ ನಿರ್ಣಯ ಹೇಳಿತು. ಅದನ್ನು ಓದಿದರೆ ಒಬ್ಬನೇ ಒಬ್ಬ ಅಪರಾಧಿಯ ಕಡೆಗೆ ಬೆರಳು ತೋರಿಸುವುದು ಕಷ್ಟ.

ಪರವಾನಗಿಯ ಕಾಗದದಲ್ಲಿ ಹೊರೆಯ ಎತ್ತರ 15 ಅಡಿ 9 ಅಂಗುಲ ಎಂದಿತ್ತು. ನಿಜವಾಗಿ ಇದ್ದದ್ದು ಎರಡು ಅಂಗುಲ ಹೆಚ್ಚು. ಎರಡು ಅಂಗುಲ ಕಡಿಮೆಯಿದ್ದರೂ ಅಂಚಿನಲ್ಲಿ ಅದು ದಾಟುತ್ತಿರಲಿಲ್ಲ, ಆ ಮಾತು ಬೇರೆ. ಪರವಾನಗಿ ಕೊಟ್ಟವರು ದಾರಿಯ ಸೇತುವೆಗಳು ಸಾಕಷ್ಟು ಎತ್ತರವಾಗಿವೆ ಎಂದು ಖಾತರಿ ಕೊಟ್ಟಿರಲಿಲ್ಲ. ನೋಡಿಕೊಳ್ಳುವ ಹೊಣೆ ಸಾಗಿಸುವವರದೇ ಎಂಬುದು ನಿಯಮ. ಸಾಗಿಸುವವರು ದಾರಿಯನ್ನು ಬೇಕಾದಷ್ಟು ಪರಿಶೀಲಿಸಿರಲಿಲ್ಲ. ಸೇತುವೆಯ ಎತ್ತರದ ಲೆಕ್ಕ ಸರ್ಕಾರದ ಕಡತದಲ್ಲಿತ್ತು. ಆದರೆ ಒಳಗಿನ ಸಾಲಿಗೆ ಸರಿಯಿರಿ ಎಂದು ಹೇಳುವ ಒಂದು ಫಲಕವೂ ರಸ್ತೆಯಲ್ಲಿರಲಿಲ್ಲ.

ದಾರಿ ತೋರುವ ಗಾಡಿಯ ಮುಂಭಾಗಕ್ಕೆ ಹೊರೆಗಿಂತ ತುಸು ಎತ್ತರದ, 16 ಅಡಿ 2 ಅಂಗುಲದ ಒಂದು ಕೋಲನ್ನು ನಿಲ್ಲಿಸಿದ್ದರು. ಕೋಲು ಎಲ್ಲಾದರೂ ತಗುಲಿದರೆ ಚಾಲಕರು ತಕ್ಷಣ ಹಿಂದಿನ ಲಾರಿಗೆ ತಿಳಿಸಬೇಕು. ಸೇತುವೆಗೆ ಕೋಲು ಬಡಿಯುವುದನ್ನು ಕಂಡೆನೆಂದು ಒಬ್ಬ ಸಾಕ್ಷಿ ಹೇಳಿದ. ಆ ಗಾಡಿಯ ಚಾಲಕರು ಬಡಿಯಲಿಲ್ಲ ಎಂದರು. ಆ ಹೊತ್ತಿಗೆ ಅವರು ಫೋನಿನಲ್ಲಿ ಮಾತನಾಡುತ್ತಿದ್ದರು. ಕೈಯಲ್ಲಿ ಫೋನು ಹಿಡಿದಿರಲಿಲ್ಲ, ನಿಜ. ಆದರೆ ಗಮನ ಅಲ್ಲಿತ್ತು ಎಂದಿತು ಮಂಡಳಿ. ಹಿಂದಿನ ಲಾರಿಯೋ, ಎಚ್ಚರಿಕೆ ಸಿಕ್ಕರೂ ನಿಲ್ಲಿಸಲಾಗದಷ್ಟು ಹತ್ತಿರದಲ್ಲಿ ಬರುತ್ತಿತ್ತು.

ಹೊರೆಯನ್ನು ಒಬ್ಬರು ಅಳೆದಿದ್ದರು, ಸೇತುವೆಯನ್ನು ಇನ್ನೊಬ್ಬರು ಅಳೆದಿದ್ದರು, ಕೋಲನ್ನು ಮತ್ತೊಬ್ಬರು ಅಳೆದಿದ್ದರು. ಈ ಮೂರು ಅಳತೆಗಳನ್ನು ಒಂದೇ ಕಾಗದದ ಮೇಲೆ ಒಂದರ ಪಕ್ಕ ಒಂದು ಬರೆದು ನೋಡಿದವರು ಮಾತ್ರ ಯಾರೂ ಇರಲಿಲ್ಲ. ಸೇತುವೆಗೆ 2012ರಲ್ಲೂ ಒಮ್ಮೆ ಎತ್ತರದ ವಾಹನವೊಂದು ಬಡಿದಿತ್ತು. ಆ ಎಚ್ಚರಿಕೆಯೂ ಕಡತ ಸೇರಿ ಸುಮ್ಮನಾಗಿತ್ತು.

ಏಟು ತಿನ್ನಲೆಂದೇ ಒಂದು ತೊಲೆ

ಇದೇ ದೇಶದ ಇನ್ನೊಂದು ಬದಿಯಲ್ಲಿ, ನಾರ್ತ್ ಕೆರೊಲಿನಾ ರಾಜ್ಯದ ಡರಮ್ ಪಟ್ಟಣದಲ್ಲಿ, 1940ರ ಕಾಲದ ಒಂದು ರೈಲು ಸೇತುವೆಯಿದೆ. ಅದರ ಕೆಳಗಿನ ರಸ್ತೆಗೆ ಇದ್ದ ಎತ್ತರ 11 ಅಡಿ 8 ಅಂಗುಲ ಮಾತ್ರ. 2008ರಿಂದ ಅಲ್ಲೊಬ್ಬರು ಕ್ಯಾಮೆರಾ ಇಟ್ಟು ನೋಡಿದರೆ, ನೂರಕ್ಕೂ ಹೆಚ್ಚು ಲಾರಿಗಳು ಬಂದು ನೆತ್ತಿ ಚಚ್ಚಿಕೊಂಡವು. ಮಿನುಗುವ ದೀಪ ಹಾಕಿದರು. ಎತ್ತರದ ಗಾಡಿ ಬಂದರೆ ತಾನೇ ಕೆಂಪಾಗುವ ದೀಪವನ್ನೂ ಹಾಕಿದರು. ಆದರೂ ಬಡಿಯುವವರು ಬಡಿಯುತ್ತಲೇ ಇದ್ದರು. 2019ರಲ್ಲಿ ಸೇತುವೆಯನ್ನೇ ಎಂಟು ಅಂಗುಲ ಮೇಲೆತ್ತಿದರು. ಅದಾದ ಮೇಲೂ ಕೆಲವರು ಬಡಿದರು!

ಆದರೆ ಆ ಸೇತುವೆ ಬೀಳಲಿಲ್ಲ. ಕಾರಣ ಸರಳ. ಸೇತುವೆಗಿಂತ ಮುಂಚೆ ಏಟು ತಿನ್ನಲೆಂದೇ ಒಂದು ದಪ್ಪ ಉಕ್ಕಿನ ತೊಲೆಯನ್ನು ಅಡ್ಡ ನಿಲ್ಲಿಸಿದ್ದಾರೆ. ಲಾರಿಯ ಛಾವಣಿ ಕಿತ್ತುಹೋಗುತ್ತದೆ, ರೈಲಿನ ಹಳಿ ಅಲುಗುವುದಿಲ್ಲ. ಕರ್ನಾಟಕದ ಹಳ್ಳಿಗಳ ರೈಲ್ವೆ ಗೇಟಿನ ಎರಡೂ ಬದಿಗೆ ರಸ್ತೆಯ ಮೇಲೆ ಅಡ್ಡಲಾಗಿ ನಿಲ್ಲಿಸಿದ ಎತ್ತರದ ಮಿತಿಯ ಚೌಕಟ್ಟನ್ನು ಎಲ್ಲರೂ ಕಂಡಿರುತ್ತಾರೆ. ಹುಲ್ಲಿನ ಲಾರಿ ಅಲ್ಲಿ ಸಿಕ್ಕಿಕೊಂಡರೆ ಜನ ಬೈದುಕೊಳ್ಳುವುದೂ ಉಂಟು. ಆದರೆ ಅದು ಕಾಯುತ್ತಿರುವುದು ಆಚೆಗಿರುವ ವಿದ್ಯುತ್ ತಂತಿಯಿಂದ ಆ ಲಾರಿಯವನನ್ನೇ. ಸ್ಕ್ಯಾಜಿಟ್ ಸೇತುವೆಗೆ ಇಂಥ ಕಾವಲುಗಾರನಿರಲಿಲ್ಲ. ಮೊದಲ ಏಟು ಬಿದ್ದದ್ದೇ ಅದರ ಪ್ರಾಣಸ್ಥಾನಕ್ಕೆ.

ತೆತ್ತ ಬೆಲೆ

ಸೇತುವೆ ಬಿದ್ದ ಮರುದಿನದಿಂದ ಹೆದ್ದಾರಿಯ ವಾಹನಗಳೆಲ್ಲ ಮೌಂಟ್ ವರ್ನನ್ ಮತ್ತು ಬರ್ಲಿಂಗ್ಟನ್ ಊರುಗಳ ಬೀದಿಗಳಿಗೆ ನುಗ್ಗಿದವು. ಐದು ನಿಮಿಷದ ದಾರಿಗೆ ಎಷ್ಟೋ ಹೊತ್ತು ಹಿಡಿಯತೊಡಗಿತು. ಆಚೆ ದಡದ ಗಿರಾಕಿಗಳನ್ನು ನಂಬಿದ್ದ ಅಂಗಡಿಯವರು ಬಾಗಿಲಲ್ಲಿ ಕಾದು ಕೂತರು. ಸರ್ಕಾರ ತಡಮಾಡಲಿಲ್ಲ. ಜೂನ್ 19ಕ್ಕೆ, ಅಂದರೆ 27 ದಿನಗಳಲ್ಲಿ, ತಾತ್ಕಾಲಿಕ ಅಂಕಣ ಜೋಡಿಸಿ ಸಂಚಾರ ಬಿಟ್ಟರು. ಪಕ್ಕದಲ್ಲೇ ಶಾಶ್ವತ ಅಂಕಣ ಕಟ್ಟಿ, ಸೆಪ್ಟೆಂಬರಿನಲ್ಲಿ ಒಂದೇ ರಾತ್ರಿ ಹಳೆಯದನ್ನು ಸರಿಸಿ ಹೊಸದನ್ನು ಜಾರಿಸಿ ಕೂರಿಸಿದರು. ಹೊಸ ಅಂಕಣದಲ್ಲಿ ತಲೆಯ ಮೇಲೆ ಕಬ್ಬಿಣವೇ ಇಲ್ಲ, ಬರೀ ಆಕಾಶ. ಉಳಿದ ಹಳೆಯ ಅಂಕಣಗಳ ಬಾಗಿದ ಅಡ್ಡ ಚೌಕಟ್ಟುಗಳನ್ನೂ ತಿದ್ದಿ, ಎಲ್ಲ ಸಾಲುಗಳಿಗೂ 18 ಅಡಿ ಎತ್ತರ ಸಿಗುವಂತೆ ಮಾಡಿದರು. ಈ ಕೆಲಸಕ್ಕೆ ಬೇಕಾದ ಜ್ಞಾನ ಹಿಂದಿನ ವರ್ಷವೂ ಅವರ ಬಳಿ ಇತ್ತು.

ಆ ಸಂಜೆ ಸೇತುವೆ ಯಾರ ಪ್ರಾಣವನ್ನೂ ತೆಗೆಯಲಿಲ್ಲ ಎಂದು ಹೇಳಿದ್ದಾಯಿತು. ಅದು ನಿಜ. ಆದರೆ ಎಂಟು ದಿನಗಳ ನಂತರ, ಮೇ 31ರಂದು, ಸೇತುವೆಯ ದಕ್ಷಿಣಕ್ಕಿರುವ ಕಾನ್ವೇ ಎಂಬ ಊರಿನ ಬಳಿ, ಬದಲಿ ದಾರಿಯ ದಟ್ಟಣೆಯನ್ನು ನೋಡಿಕೊಳ್ಳುತ್ತಿದ್ದ ರಾಜ್ಯ ಪೊಲೀಸ್ ಪಡೆಯ ಷಾನ್ ಓಕಾನೆಲ್ ಅವರ ಮೋಟಾರ್ ಸೈಕಲಿಗೂ ಒಂದು ಲಾರಿಗೂ ಅಪಘಾತವಾಯಿತು. ಅವರು ಅಲ್ಲೇ ಕರ್ತವ್ಯದ ಮೇಲೆ ತೀರಿಕೊಂಡರು. ಕೊಠಡಿ ಹೊತ್ತ ಲಾರಿಯನ್ನು ಅವರು ಕಂಡಿರಲಿಲ್ಲ, ಪರವಾನಗಿಯ ಕಾಗದಕ್ಕೂ ಅವರಿಗೂ ಸಂಬಂಧವಿರಲಿಲ್ಲ. ಬೇರೆ ಯಾರೋ ಕೂಡಿಸದೆ ಬಿಟ್ಟ ಲೆಕ್ಕದ ಬಾಕಿಯನ್ನು ಅವರು ತೀರಿಸಿದರು.

2014ರಲ್ಲಿ ಸೇತುವೆಗೆ ಓಕಾನೆಲ್ ಅವರ ಹೆಸರನ್ನೇ ಇಟ್ಟರು. ಏಪ್ರಿಲ್‌ನಲ್ಲಿ ಟ್ಯುಲಿಪ್ ನೋಡಲು ಮಕ್ಕಳನ್ನು ಕೂರಿಸಿಕೊಂಡು ಬರುವವರು ಆ ಹೆಸರನ್ನು ದಾಟಿಯೇ ಹೋಗುತ್ತಾರೆ. ಅವರ ಹಿಂದೆ ಮುಂದೆ ಲಾರಿಗಳು ಸಾಗುತ್ತವೆ. ಕೆಳಗೆ ಸ್ಕ್ಯಾಜಿಟ್ ಹಿಮದ ನೀರನ್ನು ಹೊತ್ತು ಕಡಲ ಕಡೆಗೆ ಹರಿಯುತ್ತಿರುತ್ತದೆ.