ತೊಟ್ಟಿಯ ಲೆಕ್ಕ

ಕೊಟ್ಟಿಗೆಹಾರ ದಾಟಿ ಕಳಸದ ಕಡೆ ಹೋಗುವ ದಾರಿಯಲ್ಲಿ ನಮ್ಮ ಮನೆ. ಹಿಂದೆ ಸಣ್ಣ ಹಿತ್ತಲು, ಅದರಾಚೆ ಒಂದಿಷ್ಟು ಅಡಿಕೆ, ಕಾಫಿ. ಮಳೆಗಾಲದ ಸಂಜೆ ಹಿಂದಿನ ಜಗಲಿಯಲ್ಲಿ ಕೂತು ಹಿತ್ತಲು ನೋಡುವುದು ನನಗೂ, ಐದನೇ ತರಗತಿಯ ಮೊಮ್ಮಗಳಿಗೂ ಅಭ್ಯಾಸ.

ಮೊದಲ ಮಳೆ ಬಿದ್ದ ಸಂಜೆ ದೀಪಕ್ಕೆ ಮಳೆಹುಳ ಮುತ್ತುತ್ತವೆ. ಅವು ರೆಕ್ಕೆ ಬಂದ ಗೆದ್ದಲು. ಸ್ವಲ್ಪ ಹೊತ್ತಿಗೆ ಬಟ್ಟೆ ಒಗೆಯುವ ಕಲ್ಲಿನ ಸಂದಿಯಿಂದ ಒಂದು ನೆಲಗಪ್ಪೆ ಹೊರಟು ಬಂದು ದೀಪದ ಕೆಳಗೆ ಊಟಕ್ಕೆ ಕೂರುತ್ತದೆ. ಮೊಮ್ಮಗಳು ಒಂದು, ಎರಡು ಎಂದು ನಲವತ್ತರವರೆಗೆ ಎಣಿಸಿ ಸುಸ್ತಾಗಿ ಬಿಟ್ಟಳು.

"ಅಜ್ಜ, ನುಂಗುವಾಗ ಅದು ಕಣ್ಣು ಯಾಕೆ ಮುಚ್ಚುತ್ತೆ?"

ಒಳ್ಳೆಯ ಪ್ರಶ್ನೆ. ಕಪ್ಪೆ ನುಂಗುವಾಗ ಅದರ ಕಣ್ಣುಗುಡ್ಡೆಗಳು ಒಳಕ್ಕೆ ಇಳಿದು ತುತ್ತನ್ನು ಗಂಟಲಿಗೆ ತಳ್ಳಲು ನೆರವಾಗುತ್ತವೆ. ಅದರ ನಾಲಿಗೆಯೂ ನಮ್ಮ ಹಾಗಲ್ಲ. ಬುಡ ಬಾಯಿಯ ಮುಂಭಾಗದಲ್ಲಿ, ತುದಿ ಗಂಟಲ ಕಡೆಗೆ. ಹುಳ ಕಂಡೊಡನೆ ಅದು ಹೊರಕ್ಕೆ ಮಗುಚಿ ಬೀಳುತ್ತದೆ.

ನಮ್ಮ ಹಿತ್ತಲಲ್ಲಿ ಒಂದು ಹಳೆಯ ಸಿಮೆಂಟ್ ತೊಟ್ಟಿ ಇದೆ. ಅದರ ಮೇಲೆ ದಾಸವಾಳದ ಕೊಂಬೆ ಬಾಗಿದೆ. ಹೋದ ವರ್ಷ ಜೂನ್‌ನಲ್ಲಿ ಆ ಎಲೆಗಳ ನಡುವೆ ಸೋಪಿನ ನೊರೆಯಂಥ ಒಂದು ಮುದ್ದೆ ಕಂಡಿತು. ಅದು ಹಾರುವ ಕಪ್ಪೆಯ ಗೂಡು. ಪಶ್ಚಿಮ ಘಟ್ಟದ ಈ ಹಸಿರು ಕಪ್ಪೆ ಬೆರಳುಗಳ ನಡುವಿನ ಕೆಂಪು ಚರ್ಮ ಬಿಡಿಸಿ ಮರದಿಂದ ಮರಕ್ಕೆ ತೇಲುತ್ತದೆ. ಮೊಟ್ಟೆ ಇಡುವಾಗ ಹಿಂಗಾಲಿನಿಂದ ಕಡೆದು ನೊರೆ ಮಾಡುತ್ತದೆ. ಕೆಲವು ದಿನಗಳಲ್ಲಿ ನೊರೆ ಕರಗಿ ಗೊದಮೊಟ್ಟೆಗಳು ತೊಟ್ಟಿಯ ನೀರಿಗೆ ತೊಟತೊಟ ಬಿದ್ದವು.

ಜುಲೈನಲ್ಲಿ ಶಾಲೆಗೆ ಮಳೆ ರಜೆ ಕೊಟ್ಟ ದಿನ ಮೊಮ್ಮಗಳು ಓಡಿ ಬಂದಳು. "ಅಜ್ಜ, ಒಂದು ಹುಳ ನಮ್ಮ ಗೊದಮೊಟ್ಟೆ ತಿಂತಿದೆ! ಕೋಲು ಕೊಡಿ!"

ಹೋಗಿ ನೋಡಿದರೆ ಏರೋಪ್ಲೇನ್ ಚಿಟ್ಟೆಯ ಮರಿ. ರೆಕ್ಕೆ ಬರುವವರೆಗೆ ಅದು ನೀರಿನಲ್ಲೇ ಬೆಳೆಯುತ್ತದೆ. ಮಡಿಸಿಟ್ಟ ಕೆಳದುಟಿಯನ್ನು ಕೈಯ ಹಾಗೆ ಫಕ್ಕನೆ ಚಾಚಿ ಬೇಟೆ ಹಿಡಿಯುತ್ತದೆ. "ಇರಲಿ ಬಿಡು ಪುಟ್ಟಿ. ಅದು ಸೊಳ್ಳೆ ಮರಿಯನ್ನೂ ತಿನ್ನುತ್ತದೆ. ನಾಳೆ ರೆಕ್ಕೆ ಬಂದು ಮೇಲೆ ಬಂದಾಗ ಕಪ್ಪೆಯೇ ಅದನ್ನು ಹಿಡಿಯಬಹುದು. ಜಮಾ ಖರ್ಚು ಅವುಗಳೇ ಸರಿ ಮಾಡಿಕೊಳ್ಳುತ್ತವೆ" ಎಂದೆ. ಅವಳಿಗೆ ಸಮಾಧಾನವಾಗಲಿಲ್ಲ.

ಆ ಲೆಕ್ಕ ಕೆಡಿಸಿದವನು ನಾನೇ. ತಿಂಗಳ ಕೊನೆಗೆ ಮಳೆ ಎರಡು ದಿನ ಹೊಳವಾಯಿತು. ಅಡಿಕೆಗೆ ಎರಡನೇ ಸಲ ಬೋರ್ಡೋ ಹೊಡೆಸಿದೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಹೊಡೆಸದಿದ್ದರೆ ಕೊಳೆರೋಗಕ್ಕೆ ಫಸಲು ಹೋಗುತ್ತದೆ, ಅದರಲ್ಲಿ ತಪ್ಪಿಲ್ಲ. ತಪ್ಪಾದದ್ದು ಆಮೇಲೆ. ಡ್ರಮ್ಮು ಎಲ್ಲಿ ತೊಳೆಯಲಿ ಎಂದು ಆಳು ಕೇಳಿದಾಗ, ಪೇಪರಿನಿಂದ ತಲೆ ಎತ್ತದೆ "ಅಲ್ಲೇ ತೊಟ್ಟಿ ಇದೆಯಲ್ಲ" ಎಂದುಬಿಟ್ಟೆ.

ಮರುದಿನ ಬೆಳಿಗ್ಗೆ ಗೊದಮೊಟ್ಟೆಗಳೆಲ್ಲ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಕೆಲವಕ್ಕೆ ಹಿಂಗಾಲು ಮೂಡಿತ್ತು. ಮೈಲುತುತ್ತದಲ್ಲಿರುವುದು ತಾಮ್ರ. ಎಲೆಯ ಮೇಲೆ ಅದು ರೋಗ ತಡೆಯುತ್ತದೆ, ನೀರಿಗೆ ಬಿದ್ದರೆ ಗೊದಮೊಟ್ಟೆಗೆ ವಿಷ. ಹುಳದ ಮರಿಯೂ ಕಾಣಲಿಲ್ಲ.

"ಯಾರು ಮಾಡಿದ್ದು ಅಜ್ಜ?" ಎಂದು ಮೊಮ್ಮಗಳು ಕೇಳಿದಳು. ಆಳಿನ ಹೆಸರು ಬಾಯಿ ತುದಿಗೆ ಬಂದಿತ್ತು. ನುಂಗಿಕೊಂಡು "ನಾನು" ಎಂದೆ. ಅವಳು ಎರಡು ದಿನ ಮಾತಾಡಲಿಲ್ಲ.

ತೊಟ್ಟಿ ಖಾಲಿ ಇರಲಿಲ್ಲ. ಮಳೆಗೆ ಹೊಸ ನೀರು ತುಂಬಿದಂತೆ ಎಲ್ಲರಿಗಿಂತ ಮೊದಲು ಸೊಳ್ಳೆ ಬಂದು ಮೊಟ್ಟೆ ಇಟ್ಟಿತು. ತಿನ್ನುವವರು ಯಾರೂ ಉಳಿದಿರಲಿಲ್ಲ. "ಸಂಜೆ ಬಾಗಿಲು ತೆಗೆಯೋ ಹಾಗಿಲ್ಲವಲ್ರೀ" ಎಂದು ಮನೆಯವಳು ಗೊಣಗಿದಾಗ ನಾನು ಸುಮ್ಮನಿದ್ದೆ.

ಹಿಂದೆ ನಮ್ಮ ದೇಶದಿಂದ ಕಪ್ಪೆ ಕಾಲು ವಿದೇಶಕ್ಕೆ ಟನ್ನುಗಟ್ಟಲೆ ರಫ್ತಾಗುತ್ತಿತ್ತು. ಗದ್ದೆಯಲ್ಲಿ ಕಪ್ಪೆ ಕಡಿಮೆಯಾದರೆ ಹುಳ ಹೆಚ್ಚುತ್ತದೆ ಎಂಬ ಆತಂಕ ಬೆಳೆದು, ೧೯೮೭ರಲ್ಲಿ ರಫ್ತು ನಿಂತಿತು. ಅದನ್ನು ಪೇಪರಿನಲ್ಲಿ ಓದಿ ತಲೆದೂಗಿದವನು ನಾನು. ನನ್ನ ಹಿತ್ತಲಿಗೆ ಆ ಮಾತು ಅನ್ವಯಿಸುತ್ತದೆ ಎಂದು ತಿಳಿಯಲು ಇಷ್ಟು ವರ್ಷ ಬೇಕಾಯಿತು.

ಈ ಸಲ ಮಳೆಗೆ ಮುಂಚೆಯೇ ತೊಟ್ಟಿಯ ಕೆಸರು ತೆಗೆದು ಬಳಿಸಿದೆ. ಜೂನ್‌ನಲ್ಲಿ ದಾಸವಾಳದಲ್ಲಿ ಮತ್ತೆ ನೊರೆ ಕಂಡಿತು. ಮೊನ್ನೆ ಹುಳದ ಮರಿಯೊಂದು ಗೊದಮೊಟ್ಟೆ ಹಿಡಿದಾಗ ಮೊಮ್ಮಗಳು ಕೋಲು ಕೇಳಲಿಲ್ಲ. ಮುಖ ಸಿಂಡರಿಸಿಕೊಂಡು ನೋಡುತ್ತಾ ನಿಂತಳು.

ನಿನ್ನೆ ಬೋರ್ಡೋ ಹೊಡೆಯುವವರು ಬಂದರು. ಅವರು ಡ್ರಮ್ಮು ಇಳಿಸುವ ಮೊದಲೇ ಅವಳು ಅಂಗಳಕ್ಕೆ ಓಡಿದಳು.

"ಅಣ್ಣ, ಇದನ್ನು ಎಲ್ಲಿ ತೊಳೀತೀರಿ?"

ಅವರು ನನ್ನ ಮುಖ ನೋಡಿದರು. ತೊಟ್ಟಿಯಿಂದ ದೂರ, ತೋಟದಲ್ಲಿ ತೋಡಿಸಿದ ಗುಂಡಿಯನ್ನು ನಾನೇ ಎದ್ದು ಹೋಗಿ ತೋರಿಸಿದೆ.