ಚಹಾ ಯಾಕೆ ಕಪ್ಪಾಯಿತು?

ಬಾಳೆಕಾಯಿಯನ್ನು ಮೆಟ್ಟುಕತ್ತಿಯಲ್ಲಿ ಹೆಚ್ಚಿದರೆ ಬೆರಳೂ ಕಪ್ಪು, ಕತ್ತಿಯೂ ಕಪ್ಪು. ಮಲೆನಾಡಿನ ಅಜ್ಜಿಯರಿಗೆ ಇದು ಹೊಸದಲ್ಲ. ಕೈಗೆ ಎಣ್ಣೆ ಸವರಿಕೊಂಡು ಹೆಚ್ಚುತ್ತೇವೆ, ಹೋಳುಗಳನ್ನು ಮಜ್ಜಿಗೆ ನೀರಿಗೆ ಹಾಕುತ್ತೇವೆ. ಆದರೆ ಇದರ ಕಾರಣವನ್ನು ನನಗೆ ತಿಳಿಸಿದವಳು ಶಿವಮೊಗ್ಗದಲ್ಲಿ ಎಂಟನೆಯ ತರಗತಿ ಓದುವ ನನ್ನ ಮೊಮ್ಮಗಳು.

ಅವಳಿಗೆ ರಕ್ತದಲ್ಲಿ ಹಿಮೋಗ್ಲೋಬಿನ್ ಕಡಿಮೆಯಿತ್ತು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ವೈದ್ಯರು ಕಬ್ಬಿಣಾಂಶದ ಮಾತ್ರೆ ಬರೆದುಕೊಟ್ಟು, "ಚಹಾದ ಜೊತೆ ಮಾತ್ರ ನುಂಗಬೇಡ" ಎಂದಿದ್ದರು. ರಜೆಗೆಂದು ಭದ್ರಾವತಿಗೆ ಬಂದಾಗ ಅವಳ ಅಜ್ಜ ತಮಾಷೆ ಮಾಡಿದರು: "ಕಬ್ಬಿಣದ ಊರಿನ ಮೊಮ್ಮಗಳಿಗೇ ಕಬ್ಬಿಣ ಸಾಲದಾಯಿತೇನೇ?" ಕೆಮ್ಮಣ್ಣುಗುಂಡಿಯ ಅದಿರನ್ನು ಕಾಡಿನ ಸೌದೆಯ ಇದ್ದಿಲಿನಿಂದ ಕರಗಿಸಿ 1923ರಿಂದ ಕಬ್ಬಿಣ ತೆಗೆದ ಊರು ನಮ್ಮದು. ಅಜ್ಜ ದುಡಿದದ್ದೂ ಅದೇ ಕಾರ್ಖಾನೆಯಲ್ಲಿ.

"ಅದಿರಲಿ ಅಜ್ಜ, ಚಹಾ ಯಾಕೆ ಬೇಡ?" ಎಂದಳು. ಅಜ್ಜ ಸುಮ್ಮನಾದರು. ಶಾಲೆಯ ವಿಜ್ಞಾನ ಮೇಳಕ್ಕೆ ಅವಳು ಆರಿಸಿಕೊಂಡದ್ದು ಅದೇ ಪ್ರಶ್ನೆಯನ್ನು.

ಬೇಕಾದದ್ದೆಲ್ಲ ಮನೆಯಲ್ಲೇ ಸಿಕ್ಕಿತು. ಕಬ್ಬಿಣದ ಮೊಳೆಗಳನ್ನು ವಿನೆಗರ್‌ನಲ್ಲಿ ಎರಡು ದಿನ ನೆನೆಸಿದಳು. ಕಬ್ಬಿಣ ಸ್ವಲ್ಪ ಸ್ವಲ್ಪವಾಗಿ ಅದರಲ್ಲಿ ಕರಗಿತು. ಗಾಜಿನ ಲೋಟಗಳಲ್ಲಿ ಬರಿಯ ನೀರು, ಹಾಲು ಹಾಕದ ತೆಳು ಚಹಾ, ಅಡಿಕೆಯ ಚೊಗರು ಬೆರೆಸಿದ ನೀರು. ಪ್ರತಿಯೊಂದಕ್ಕೂ ಅಷ್ಟಷ್ಟೇ ಹನಿ ಬಿಟ್ಟಳು. ನೀರು ಹಾಗೇ ಇತ್ತು. ಚಹಾ ಶಾಯಿಯಂತೆ ಕಪ್ಪಾಯಿತು. ಚೊಗರು ಹಸಿರು ಬೆರೆತ ಕಪ್ಪಾಯಿತು.

ಚಹಾ, ಅಡಿಕೆ, ಬಾಳೆಕಾಯಿ, ಮೂರರಲ್ಲೂ ಒಗರು ಇದೆ. ಒಗರು ಕೊಡುವ ವಸ್ತುವಿಗೆ ಟ್ಯಾನಿನ್ ಎಂದು ಹೆಸರು. ಅದು ಕಬ್ಬಿಣವನ್ನು ಕಂಡರೆ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ, ಬಣ್ಣ ಕಪ್ಪಾಗುತ್ತದೆ. ಯುರೋಪಿನಲ್ಲಿ ನೂರಾರು ವರ್ಷ ಮಾಚಿಕಾಯಿ ಮತ್ತು ಕಬ್ಬಿಣದಿಂದ ಶಾಯಿ ಮಾಡಿದ್ದೂ ಹೀಗೆಯೇ. ಊಟದ ಜೊತೆ ಚಹಾ ಕುಡಿದರೆ ಸೊಪ್ಪು, ಕಾಳು, ರಾಗಿಯ ಕಬ್ಬಿಣವನ್ನು ಟ್ಯಾನಿನ್ ಹಿಡಿದಿಟ್ಟುಕೊಳ್ಳುತ್ತದೆ. ದೇಹಕ್ಕೆ ಸಿಗುವುದು ಕಡಿಮೆ. ಕಪ್ಪಾದ ಚಹಾಕ್ಕೆ ನಿಂಬೆರಸ ಹಿಂಡಿದಾಗ ಕಪ್ಪು ತಿಳಿಯಾಯಿತು. ನಿಂಬೆ, ನೆಲ್ಲಿಯ ಸಿ ಜೀವಸತ್ವ ಕಬ್ಬಿಣವನ್ನು ದೇಹ ಹೀರಿಕೊಳ್ಳಲು ನೆರವಾಗುತ್ತದೆ.

ಮೇಳದಲ್ಲಿ ತೀರ್ಪುಗಾರರೊಬ್ಬರು ಕೇಳಿದರು: "ಹೊಟ್ಟೆಯೊಳಗೂ ಹೀಗೇ ಕಪ್ಪಾಗುತ್ತದೆಯೇನಮ್ಮ?"

"ಹೊಟ್ಟೆಯೊಳಗೆ ನಾನು ನೋಡಿಲ್ಲ ಸರ್. ನಾನು ತೋರಿಸಿದ್ದು ಲೋಟದಲ್ಲಿ ನಡೆದದ್ದು ಮಾತ್ರ. ಮನುಷ್ಯರ ಮೇಲೆ ವಿಜ್ಞಾನಿಗಳು ಬೇರೆ ಪರೀಕ್ಷೆ ಮಾಡಿದ್ದಾರೆ, ಅದನ್ನು ಓದಿದೆ" ಎಂದಳು. ಬಹುಮಾನ ಹೊಗೆಯುಗುಳುವ ಜ್ವಾಲಾಮುಖಿಯ ಮಾದರಿಗೆ ಹೋಯಿತು. ನನಗೆ ಮಾತ್ರ ಅವಳ ಆ ಉತ್ತರವೇ ದೊಡ್ಡ ಬಹುಮಾನದಂತೆ ಕಂಡಿತು.

ಈಗ ಎರಡೂ ಮನೆಗಳಲ್ಲಿ ಚಹಾ ಊಟ ತಿಂಡಿಯಾಗಿ ಒಂದು ಗಂಟೆಯ ಮೇಲೆಯೇ. ಅಜ್ಜ ಗೊಣಗುತ್ತಲೇ ಗಡಿಯಾರ ನೋಡುತ್ತಾರೆ. ಮೂರು ತಿಂಗಳ ಮೇಲಿನ ಪರೀಕ್ಷೆಯಲ್ಲಿ ಹುಡುಗಿಯ ಹಿಮೋಗ್ಲೋಬಿನ್ ಏರಿತ್ತು. ಮಾತ್ರೆಯೇ ಏರಿಸಿತು, ನಾವು ಅದಕ್ಕೆ ಅಡ್ಡ ಬರಲಿಲ್ಲ, ಅಷ್ಟೆ.

ಮಕ್ಕಳೇ, ನೀವೂ ಮಾಡಿ ನೋಡಿ. ದೊಡ್ಡವರು ಜೊತೆಗಿರಲಿ, ಲೋಟದಲ್ಲಿದ್ದುದನ್ನು ಬಾಯಿಗೆ ಹಾಕಬೇಡಿ. ಬರಿಯ ನೀರಿನ ಲೋಟವನ್ನು ಮರೆಯಬೇಡಿ. ಅದನ್ನು ಪಕ್ಕದಲ್ಲಿಟ್ಟರೆ ತಾನೇ ಕಪ್ಪಾದದ್ದು ಚಹಾದಿಂದಲೇ ಎಂದು ಹೇಳಲು ಬರುವುದು!