ಕಣ್ಣಿಗೆ ಕಾಣದ ಹೊಟ್ಟು

ರಂದಾ ಹೊಡೆದಾಗ ಏಳುವ ಸುರುಳಿ ಸಿಪ್ಪೆಯಿಂದ ಯಾರಿಗೂ ತೊಂದರೆಯಿಲ್ಲ. ನೆಲಕ್ಕೆ ಬೀಳುತ್ತದೆ, ಕಸಬರಿಗೆಗೆ ಸಿಗುತ್ತದೆ, ನೀರೊಲೆಗೆ ಹೋಗುತ್ತದೆ. ನಮ್ಮ ಸುರಪುರದ ಸುತ್ತ ಜಾಲಿ ಕಟ್ಟಿಗೆಯಲ್ಲಿ ಕುಂಟೆ, ಕೂರಿಗೆ ಕಡೆದ ಬಡಿಗರು ಬಾಚಿ, ಉಳಿ ಹಿಡಿದು ಬಯಲಲ್ಲಿ ಕೂರುತ್ತಿದ್ದರು. ಎದ್ದ ಧೂಳನ್ನು ಗಾಳಿ ಒಯ್ಯುತ್ತಿತ್ತು. ನನ್ನಂಥ ಹವ್ಯಾಸಿಗಳು ಕರೆಂಟಿನ ಗರಗಸ, ಸ್ಯಾಂಡರ್ ತಂದು ಹಳೆಯ ಮನೆಯ ಕೋಣೆಯಲ್ಲಿ ಇಟ್ಟಿದ್ದೇವೆ. ದಪ್ಪ ಕಲ್ಲಿನ ಗೋಡೆ, ಚಿಕ್ಕ ಕಿಟಕಿ. ಬೇಸಿಗೆಗೆ ತಂಪು, ಧೂಳಿಗೆ ಬಂದೀಖಾನೆ.

ಸ್ಯಾಂಡರ್ ನಿಲ್ಲಿಸಿ ಚಹಾ ಕುಡಿದು ಬಂದರೂ ಬೆಳಕಿಂಡಿಯಿಂದ ಇಳಿದ ಬಿಸಿಲುಕೋಲಿನಲ್ಲಿ ಪುಡಿ ಇನ್ನೂ ತೇಲುತ್ತಿರುತ್ತದೆ. ಅದರಲ್ಲೂ ತೀರ ಸಣ್ಣದು ಕಣ್ಣಿಗೆ ಬೀಳುವುದೇ ಇಲ್ಲ. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಶ್ವಾಸಕೋಶದ ಆಳಕ್ಕೆ ಇಳಿಯುವ ಕಣ 10 ಮೈಕ್ರಾನಿಗಿಂತ ಚಿಕ್ಕದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಕಟ್ಟಿಗೆ ಧೂಳನ್ನು ಕ್ಯಾನ್ಸರ್‌ಕಾರಕವೆಂದು ಸಾರಿದೆ. ನಮ್ಮ ಓಣಿಯ ಹಿರಿಯ ಬಡಿಗರು ಇದನ್ನೇ ತಮ್ಮ ರೀತಿಯಲ್ಲಿ ಹೇಳುತ್ತಾರೆ: “ತಮ್ಮಾ, ನೆಲಕ್ಕ ಬಿದ್ದದ್ದಕ್ಕ ಕಸಬರಿಗಿ ಅದ. ಎದಿಯಾಗ ಹೋದದ್ದಕ್ಕ ಏನದ?”

ಗರುಡಾದ್ರಿ ಮನೆತನದ ಚಿತ್ರಕಾರರಿಂದ ಹೆಸರಾದ ಊರು ನಮ್ಮದು. ಅವರು ಚಿತ್ರಕ್ಕೆ ಅಂಟಿಸುವ ಬಂಗಾರದ ರೇಕು ಉಸಿರು ತಾಗಿದರೂ ಹಾರುತ್ತದೆ. ಅಂಥ ಕೆಲಸಕ್ಕೆ ಗಾಳಿ ನಿಲ್ಲಬೇಕು. ಬಡಿಗನ ಕೋಣೆಯಲ್ಲಿ ಗಾಳಿ ಹರಿಯಬೇಕು. ಕೈಕಸುಬು ಯಾವುದೇ ಇರಲಿ, ಗಾಳಿಯ ಹದ ತಿಳಿಯದೆ ನಡೆಯದು.

ಹಾಗಾದರೆ ಧೂಳು ಎಳೆಯಲು ಯಾವ ಯಂತ್ರ ಕೊಳ್ಳಬೇಕು? ಸ್ಯಾಂಡರ್, ಕೈಗರಗಸ ಇಷ್ಟೇ ಇದ್ದರೆ ವ್ಯಾಕ್ಯೂಮ್ ಕ್ಲೀನರ್ ಸಾಕು: ಅದರ ಕೊಳವೆ ಸಣ್ಣದು, ಸೆಳೆತ ಜೋರು. ಟೇಬಲ್ ಗರಗಸ, ಪ್ಲೇನರ್ ಬಂದರೆ ಹೆಚ್ಚು ಗಾಳಿ ಎಳೆಯುವ, 4 ಇಂಚಿನ ಕೊಳವೆಯ ಡಸ್ಟ್ ಕಲೆಕ್ಟರ್ ಬೇಕು. ಗರಗಸಕ್ಕೂ ಧೂಳಿನ ಯಂತ್ರಕ್ಕೂ ನಡುವೆ ಒಂದು ಸೈಕ್ಲೋನ್ ಡಬ್ಬಿ ಇಟ್ಟರೆ ಗಾಳಿ ಅದರೊಳಗೆ ಸುಳಿಯಾಗಿ ತಿರುಗಿ ದಪ್ಪ ಹೊಟ್ಟನ್ನು ಕೆಳಗೆ ಬೀಳಿಸುತ್ತದೆ, ಫಿಲ್ಟರ್ ಬೇಗ ಕಟ್ಟಿಕೊಳ್ಳುವುದಿಲ್ಲ. ಕೊಳವೆ ಗಿಡ್ಡವಿರಲಿ, ತಿರುವು ಕಡಿಮೆಯಿರಲಿ. ಅಗ್ಗದ 30 ಮೈಕ್ರಾನಿನ ಬಟ್ಟೆ ಚೀಲ ಬೇಡವೇ ಬೇಡ. ಅದು ಹೊಟ್ಟನ್ನು ಹಿಡಿದು ವಿಷವನ್ನು ಮರಳಿ ಕೋಣೆಗೇ ಊದುತ್ತದೆ. 1 ಮೈಕ್ರಾನಿನದೋ ಹೆಪಾ ಫಿಲ್ಟರೋ ಇರಬೇಕು.

ಚಳಿಯ ದೇಶದವರು ಕೋಣೆಯ ಬಿಸಿ ಗಾಳಿ ಹೊರಹೋದೀತೆಂದು ಅದನ್ನೇ ಸೋಸಿ ಒಳಗೆ ಬಿಡುತ್ತಾರೆ. ನಮಗೆ ಆ ಚಿಂತೆಯಿಲ್ಲ. ಯಂತ್ರವನ್ನು ಹಿತ್ತಲಿನ ತಗಡಿನ ಕೆಳಗಿಟ್ಟು, ಕಿಟಕಿ ತೆರೆದು, ಗಾಳಿಯನ್ನು ಹೊರಗೇ ಬಿಡಬಹುದು. ಆಗಲೂ ಫಿಲ್ಟರ್ ಇರಲಿ. ಪಕ್ಕದ ಮನೆಯವರು ಮಾಳಿಗೆ ಮೇಲೆ ಸಂಡಿಗೆ ಹಾಕಿರುತ್ತಾರೆ, ಅವರಿಗೂ ಎದೆಯಿದೆ.

ಗರಗಸಕ್ಕೆ ಹಣ ಕೂಡಿಸುವವರು ಧೂಳಿನ ಯಂತ್ರದ ಹಣವನ್ನೂ ಅದರಲ್ಲೇ ಸೇರಿಸಿ ಲೆಕ್ಕ ಹಾಕಿ. ಅದು ಕೈಗೂಡುವವರೆಗೆ ಸ್ಯಾಂಡರನ್ನು ಅಂಗಳಕ್ಕೆ ಒಯ್ಯಿರಿ, ಎನ್95 ಮಾಸ್ಕ್ ಕಟ್ಟಿಕೊಳ್ಳದೆ ಸ್ವಿಚ್ ಒತ್ತಬೇಡಿ.